ಸಣ್ಣ ಪೆಟ್ರೋಲ್ ಯಂತ್ರದ ಲಕ್ಷಣವೂ ನಿರ್ವಾಹವೂ: ಬೆಂಗಳೂರಿನ ಡಾಲ್ಫಿನ್ ಕಾರನ್ನು ಕುರಿತ ಒಂದು ವಿಚಾರ

೧. ವಿಷಯ

ವ್ಯಾಕರಣ, ಅಲಂಕಾರಗಳನ್ನು ಓದಿದವನು ಮೋಟಾರು ಗಾಡಿಯ ಯಂತ್ರವನ್ನು ಕುರಿತು ಬರೆಯಹೊರಡುವುದು ಅನಧಿಕಾರಚೇಷ್ಟೆಯೆಂದು ಕೆಲವರಿಗೆ ತೋರಬಹುದು. ಆದರೆ ಕನ್ನಡ ವಾಙ್ಮಯಕ್ಕೆ ಇಂತಹ ವಿಷಯಗಳು ಪರಕೀಯವಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಬಾವಿ ತೋಡುವುದನ್ನೂ ಅಡಿಗೆ ಮಾಡುವುದನ್ನೂ ವಿವರಿಸಲು ನಾಚಲಿಲ್ಲ. ರಾಜಾದಿತ್ಯನು ಹನ್ನೆರಡನೆಯ ಶತಮಾನದಲ್ಲಿ ವ್ಯವಹಾರಗಣಿತವನ್ನು ಕನ್ನಡದಲ್ಲಿ ಹೇಳಿದನು. ಕುದುರೆ, ಪಾಕ, ವೈದ್ಯ ಮುಂತಾದುವುಗಳಿಗೆ ನಮ್ಮ ಪೂರ್ವಿಕರು ಶಾಸ್ತ್ರವನ್ನು ರಚಿಸಿರುವಾಗ, ನಮ್ಮ ಕಾಲದ ರಥಕ್ಕೆ ಕನ್ನಡದಲ್ಲಿ ಹತ್ತು ಪುಟಗಳ ಚರಿತ್ರೆಯಾದರೂ ಇರಬಾರದೆ?

ಪ್ರಕೃತ ಲೇಖನಕ್ಕೆ ವಿಷಯವಾಗಿರುವುದು ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಡಾಲ್ಫಿನ್ ಎಂಬ ಚಿಕ್ಕ ಕಾರು ಮತ್ತು ಅದರ ಪೆಟ್ರೋಲ್ ಯಂತ್ರ. ಈ ಕಾರನ್ನು ಸಿಪಾನಿ ಸಂಸ್ಥೆಯವರು ೧೯೮೨ರಿಂದ ತಯಾರಿಸುತ್ತಿದ್ದರು. ಅದೇ ಸಂಸ್ಥೆಯು ಅದಕ್ಕೆ ಮೊದಲು, ೧೯೭೦ರ ದಶಕದಲ್ಲಿ, ಸನ್‌ರೈಸ್ ಎಂಬ ಹೆಸರಿನಿಂದಿದ್ದು, ಬಾದಲ್ ಎಂಬ ಮೂರು ಚಕ್ರದ ಗಾಡಿಯನ್ನು ಹೊರತಂದಿತ್ತು. ಬಾದಲಿನ ಹಿಂಭಾಗದಲ್ಲಿದ್ದದ್ದು ೧೯೮ ಘನ ಸೆಂಟಿಮೀಟರಿನ, ಒಂದೇ ಸಿಲಿಂಡರಿನ ಪುಟ್ಟ ಯಂತ್ರ. ಡಾಲ್ಫಿನ್ ಹಾಗಲ್ಲ. ಅದು ಇಂಗ್ಲೆಂಡಿನ ರಿಲಯಂಟ್ ಸಂಸ್ಥೆಯ ಕಿಟನ್ ಎಂಬ ನಾಲ್ಕು ಚಕ್ರದ ಕಾರಿನ ರೂಪಾಂತರ; ಮೈ ಗಾಜಿನ ನಾರಿನದು, ಅಂದರೆ ಫೈಬರ್‌ಗ್ಲಾಸು; ಬಾಗಿಲು ಎರಡು; ಯಂತ್ರವು ಮುಂದೆ, ಚಾಲನೆಯು ಹಿಂಚಕ್ರಗಳಿಗೆ.

ನನಗೆ ಈ ವಿಚಾರದಲ್ಲಿ ಆಸಕ್ತಿ ಹುಟ್ಟಿದ್ದು ಗ್ರಂಥದಿಂದಲ್ಲ. ವಿದ್ಯಾರಣ್ಯಪುರದಲ್ಲಿ ನಾನು ವಾಸಮಾಡುವ ಬೀದಿಯ ತುದಿಯಲ್ಲಿ ಒಂದು ಚಿಕ್ಕ ಗ್ಯಾರೇಜು ಇದೆ. ಅದನ್ನು ನಡಸುವವರು ನನಗಿಂತ ಹದಿನೈದು ವರ್ಷ ಹಿರಿಯರು. ಒಂದು ದಿನ ಬೆಳಗ್ಗೆ ಅಲ್ಲಿ ತಾಡಪಾಲು ಸರಿಸಿದ್ದ ಒಂದು ಹಳೆಯ ಗಾಡಿಯನ್ನು ಕಂಡೆ. “ಇದು ಯಾವ ಕಾರು ಯಜಮಾನರೇ?” ಎಂದು ಕೇಳಿದೆ. “ನಮ್ಮೂರ ಕಾರು ಸ್ವಾಮಿ, ಡಾಲ್ಫಿನ್. ಇಂಜಿನ್ನು ಪೂರ್ತಿ ಅಲ್ಯೂಮಿನಿಯಮ್ಮು. ಈಗಿನ ಹುಡುಗರಿಗೆ ಇದರ ಹೆಸರೇ ಗೊತ್ತಿಲ್ಲ. ಬರೋ ವಾರ ಗುಜರಿಗೆ ಹೋಗುತ್ತೆ” ಎಂದರು. ನಮ್ಮೂರಿನದೆಂದು ಒಬ್ಬರು ಅಭಿಮಾನದಿಂದ ಹೇಳಿದ ಒಂದು ವಸ್ತುವು ನನಗೂ ಗೊತ್ತಿರಲಿಲ್ಲವಲ್ಲ ಎಂಬ ಸಂಕೋಚವೇ ಈ ಬರೆವಣಿಗೆಗೆ ಮೂಲ.

ನಮ್ಮ ಬಡಾವಣೆಗೆ ಹೆಸರನ್ನಿತ್ತ ಮಹನೀಯರ ಕಾಲದ ಶಾಸ್ತ್ರಗ್ರಂಥಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಯಾವ ಪ್ರಶ್ನೆಯನ್ನು ಎತ್ತಿಕೊಂಡರೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂದು ಅಧಿಕರಣಕ್ರಮದಲ್ಲಿ ವಿಚಾರಿಸುವುದು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಬಳಿಕ ಉತ್ತರ ಕೊಡುವುದು. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸಿದೆ.

೨. ಯಂತ್ರದ ಲಕ್ಷಣ

ಸಂಶಯವನ್ನು ಹೇಳುವುದಕ್ಕೆ ಮುಂಚೆ ಯಂತ್ರದ ಸ್ವರೂಪವನ್ನು ತಿಳಿಯುವುದು ಆವಶ್ಯಕ. ಪೆಟ್ರೋಲ್ ಯಂತ್ರದೊಳಗೆ ಸಿಲಿಂಡರು ಎಂಬ ನಳಿಗೆಯಿದ್ದು, ಅದರಲ್ಲಿ ಪಿಸ್ಟನ್ ಎಂಬ ಕೊಂತವು ಮೇಲಕ್ಕೂ ಕೆಳಕ್ಕೂ ಸಂಚರಿಸುತ್ತದೆ. ಮೊದಲನೆಯ ಸಲ ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆ ಎಳೆದುಕೊಳ್ಳುವುದು. ಮೇಲಕ್ಕೇರುವಾಗ ಅದನ್ನು ಅದುಮುವುದು. ಆಗ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಮಿಶ್ರಣವು ಹೊತ್ತಿಕೊಂಡು ಪಿಸ್ಟನ್ನನ್ನು ಬಲವಾಗಿ ಕೆಳಕ್ಕೆ ನೂಕುವುದು. ಮತ್ತೆ ಮೇಲೇರುವಾಗ ಉರಿದ ಹೊಗೆಯನ್ನು ಹೊರಕ್ಕೆ ತಳ್ಳುವುದು. ಆದಾನ, ಸಂಪೀಡನ, ಜ್ವಲನ, ವಿಸರ್ಜನ ಎಂದು ಈ ನಾಲ್ಕನ್ನು ಕರೆಯಬಹುದು. ನಾಲ್ಕರಲ್ಲಿ ಒಂದೇ ಕೆಲಸಕ್ಕೆ ಬರುವ ಹೊಡೆತ. ಉಳಿದ ಮೂರು ಅದಕ್ಕೆ ಸಿದ್ಧತೆ. ಜರ್ಮನಿಯ ಆಟೋ ಎಂಬಾತನು ೧೮೭೬ರಲ್ಲಿ ಈ ಕ್ರಮದ ಯಂತ್ರವನ್ನು ನಡಸಿ ತೋರಿಸಿದನು. ಕಾರ್ಲ್ ಬೆಂಜ್ ಎಂಬಾತನು ೧೮೮೬ರ ಜನವರಿ ೨೯ರಂದು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಸನ್ನದಿಗಾಗಿ ಅರ್ಜಿ ಸಲ್ಲಿಸಿದನು.

ಇನ್ನು ಡಾಲ್ಫಿನ್ನಿಗೆ ಮೂಲವಾದ ಯಂತ್ರದ ವಂಶ. ರಿಲಯಂಟ್ ಸಂಸ್ಥೆಯು ಇಂಗ್ಲೆಂಡಿನ ಟ್ಯಾಮ್‌ವರ್ತ್ ಎಂಬ ಊರಿನಲ್ಲಿದ್ದು, ೧೯೩೦ರ ದಶಕದಲ್ಲಿ ಮೂರು ಚಕ್ರದ ವಾಹನಗಳನ್ನು ಮಾಡತೊಡಗಿತು. ಮೊದಲು ಅವರು ಆಸ್ಟಿನ್ ಸೆವೆನ್ ಎಂಬ ಕಾರಿನ ೭೪೭ ಘನ ಸೆಂಟಿಮೀಟರಿನ ಯಂತ್ರವನ್ನು ಕೊಂಡು ಬಳಸುತ್ತಿದ್ದರು. ಆಸ್ಟಿನ್ನವರು ಆ ಯಂತ್ರವನ್ನು ನಿಲ್ಲಿಸಿದ ಮೇಲೆ ರಿಲಯಂಟಿನವರು ಅದನ್ನು ತಾವೇ ಮಾಡಿಕೊಂಡರು. ೧೯೬೨ರಲ್ಲಿ ಅದನ್ನು ಬಿಟ್ಟು, ಅಲ್ಯೂಮಿನಿಯಮಿನಿಂದಲೇ ಎರಕಹೊಯ್ದ ೫೯೮ ಘನ ಸೆಂಟಿಮೀಟರಿನ ಸ್ವಂತ ಯಂತ್ರವನ್ನು ತಂದರು. ಅದೇ ಯಂತ್ರವು ಹಂತಹಂತವಾಗಿ ಬೆಳೆದು ೧೯೭೫ರಲ್ಲಿ ೮೪೮ ಘನ ಸೆಂಟಿಮೀಟರು ಆಯಿತು. ಡಾಲ್ಫಿನ್ನಿಗೆ ಬಂದದ್ದು ಇದು.

ಇದರ ಅಳತೆಗಳು ಹೀಗಿವೆ. ಸಿಲಿಂಡರುಗಳು ನಾಲ್ಕು, ಒಂದೇ ಸಾಲಿನಲ್ಲಿ. ಒಂದೊಂದು ಸಿಲಿಂಡರಿನ ವ್ಯಾಸ ೬೨.೫ ಮಿಲಿಮೀಟರು, ಪಿಸ್ಟನ್ನಿನ ಸಂಚಾರದೂರ ೬೯.೧ ಮಿಲಿಮೀಟರು. ಇದನ್ನು ಭಾಸ್ಕರಾಚಾರ್ಯನ ಲೀಲಾವತಿಯ ಕ್ರಮದಿಂದಲೇ ಪರೀಕ್ಷಿಸಬಹುದು. ೧೧೫೦ರಲ್ಲಿ ರಚಿತವಾದ ಆ ಗ್ರಂಥದಲ್ಲಿ, ವ್ಯಾಸವನ್ನು ೩೯೨೭ರಿಂದ ಗುಣಿಸಿ ೧೨೫೦ರಿಂದ ಭಾಗಿಸಿದರೆ ಸೂಕ್ಷ್ಮಪರಿಧಿಯೆಂದೂ, ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ವೃತ್ತದ ಕ್ಷೇತ್ರಫಲವೆಂದೂ ಹೇಳಿದೆ. ವ್ಯಾಸ ೬.೨೫ ಸೆಂಟಿಮೀಟರಾದರೆ ಪರಿಧಿ ೧೯.೬೩೫, ಕ್ಷೇತ್ರಫಲ ೩೦.೬೮, ಅದನ್ನು ೬.೯೧ರಿಂದ ಗುಣಿಸಿದರೆ ಒಂದು ಸಿಲಿಂಡರಿನ ಘನಫಲ ಸುಮಾರು ೨೧೨, ನಾಲ್ಕರದು ೮೪೮. ಲೆಕ್ಕವು ತಾಳೆಯಾಗುತ್ತದೆ. ಬಾವಿಯ ಮಣ್ಣನ್ನು ಅಳೆಯುವ ಸೂತ್ರದಿಂದಲೇ ಮೋಟಾರಿನ ಯಂತ್ರವನ್ನೂ ಅಳೆಯಬಹುದೆಂಬುದು ಪಾಠಶಾಲೆಯ ಮಕ್ಕಳಿಗೆ ಹೇಳಿಕೊಡತಕ್ಕ ಮಾತು.

ಇಂಗ್ಲೆಂಡಿನ ಸಿದ್ಧತೆಯಲ್ಲಿ ಈ ಯಂತ್ರವು ನಿಮಿಷಕ್ಕೆ ೫೫೦೦ ಸುತ್ತುಗಳಲ್ಲಿ ೪೦ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಬೆಂಜನ ಮೊದಲ ಯಂತ್ರವು ಇದಕ್ಕಿಂತ ದೊಡ್ಡದು, ೯೫೪ ಘನ ಸೆಂಟಿಮೀಟರು. ಆದರೆ ಅದರ ಬಲ ನಿಮಿಷಕ್ಕೆ ೪೦೦ ಸುತ್ತುಗಳಲ್ಲಿ ಮುಕ್ಕಾಲು ಅಶ್ವಶಕ್ತಿ ಮಾತ್ರ. ಸುಮಾರು ತೊಂಬತ್ತು ವರ್ಷಗಳಲ್ಲಿ, ಗಾತ್ರವು ಕಡಮೆಯಾಗಿಯೂ ಶಕ್ತಿಯು ಐವತ್ತು ಮಡಿಗೂ ಹೆಚ್ಚಾಯಿತು. ಇದರಲ್ಲಿ ಸುಮಾರು ಹದಿನಾಲ್ಕು ಮಡಿ ವೇಗದಿಂದ ಬಂದದ್ದು. ಉಳಿದ ನಾಲ್ಕು ಮಡಿಯಷ್ಟು ಮಿಶ್ರಣವನ್ನು ಹೆಚ್ಚಾಗಿ ಅದುಮಿದುದರಿಂದಲೂ ಕವಾಟಗಳು ಚೆನ್ನಾಗಿ ಉಸಿರಾಡುವಂತೆ ಮಾಡಿದುದರಿಂದಲೂ ಬಂದದ್ದು. ಆ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಯಂತ್ರವು ೧೦೮೯ ಘನ ಸೆಂಟಿಮೀಟರಿನದು. ಅದರ ಶಕ್ತಿಯೂ ೪೦ರ ಆಸುಪಾಸಿನದೇ. ಆದುದರಿಂದ ಗಾತ್ರಕ್ಕೆ ಹೋಲಿಸಿದರೆ ಡಾಲ್ಫಿನ್ನಿನ ಯಂತ್ರವು ಪಟುವಾದುದೆಂಬುದು ನಿರ್ವಿವಾದವು.

೩. ಸಂಶಯ ಮತ್ತು ಪೂರ್ವಪಕ್ಷ

ಇಷ್ಟು ಲಕ್ಷಣವುಳ್ಳ ಯಂತ್ರವಿದ್ದ ಕಾರು ೧೯೯೦ರ ಹೊತ್ತಿಗೆ ನಿಂತುಹೋಯಿತು. ಅದರ ಮಗ್ಗುಲಲ್ಲಿಯೇ ೧೯೮೩ರ ಡಿಸೆಂಬರ್ ೧೪ರಂದು ಹೊರಬಂದ ಮಾರುತಿ ೮೦೦ ಎಂಬ ಕಾರು ೨೦೧೪ರವರೆಗೆ ತಯಾರಾಗುತ್ತ, ೨೫ ಲಕ್ಷಕ್ಕೂ ಮೀರಿ ಮಾರಾಟವಾಯಿತು. ಹೀಗಿರಲಾಗಿ, ಡಾಲ್ಫಿನ್ನಿನ ಸೋಲಿಗೆ ಅದರ ಯಂತ್ರದ ಅವಿಶ್ವಾಸಾರ್ಹತೆಯು ಕಾರಣವೋ ಅಲ್ಲವೋ ಎಂಬುದೇ ಇಲ್ಲಿಯ ಸಂಶಯ.

ಯಂತ್ರವೇ ಕಾರಣವೆಂಬುದು ಪೂರ್ವಪಕ್ಷ. ಅದಕ್ಕೆ ಮೂರು ಹೇತುಗಳನ್ನು ಹೇಳಬಹುದು.

ಮೊದಲನೆಯದು ಲೋಹದ ಹೇತು. ಅಲ್ಯೂಮಿನಿಯಮು ಹಗುರವಾದುದು; ಅದರ ಸಾಂದ್ರತೆ ೨.೭, ಎರಕದ ಕಬ್ಬಿಣದ್ದು ೭ಕ್ಕೂ ಮೇಲೆ. ಆದರೆ ಅದು ಮೃದು. ಮೇಲಾಗಿ ಬಿಸಿಯಾದಾಗ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಈ ಯಂತ್ರದಲ್ಲಿ ಅಲ್ಯೂಮಿನಿಯಮಿನ ಬ್ಲಾಕಿನೊಳಗೆ ಕಬ್ಬಿಣದ ಲೈನರುಗಳೆಂಬ ಕೊಳವೆಗಳನ್ನು ಕೂರಿಸಿದೆ. ಅವುಗಳ ಹೊರಮೈಗೆ ತಣಿಸುವ ನೀರು ನೇರವಾಗಿ ತಾಗುತ್ತದೆ. ಕೊಳವೆಯ ಕೆಳಗಿನ ಅಂಚಿನಲ್ಲಿ ನೀರು ಸೋರದಂತೆ ಅಡೆಯಿರಬೇಕು. ಮೇಲಿನ ಅಂಚು ಬ್ಲಾಕಿನ ಮೈಗಿಂತ ಕೂದಲೆಳೆಯಷ್ಟು ಎತ್ತರವಾಗಿ ನಿಂತು ಹೆಡ್ ಗ್ಯಾಸ್ಕೆಟ್ಟನ್ನು ಒತ್ತಿಹಿಡಿಯಬೇಕು. ನೀರು ಕಡಮೆಯಾಗಿ ಯಂತ್ರವು ಕಾದರೆ ಹೆಡ್ಡು ಬಾಗುವುದು, ಗ್ಯಾಸ್ಕೆಟ್ಟು ಒಡೆಯುವುದು. ನಮ್ಮ ನಾಡಿನ ಬೇಸಗೆಗೂ ನೂಕುನುಗ್ಗಲಿನ ರಸ್ತೆಗಳಿಗೂ ಇಂತಹ ಸುಕುಮಾರ ರಚನೆಯು ಸಲ್ಲದು.

ಎರಡನೆಯದು ಕಾಲದ ಹೇತು. ಈ ಯಂತ್ರದಲ್ಲಿ ಕವಾಟಗಳನ್ನು ಎತ್ತುವ ಕ್ಯಾಮಿನ ದಂಡವು ಕೆಳಗೆ ಬ್ಲಾಕಿನಲ್ಲಿದ್ದು, ಉದ್ದನೆಯ ತಳ್ಳುಗಡ್ಡಿಗಳ ಮೂಲಕ ಮೇಲಿನ ಕವಾಟಗಳನ್ನು ತೆರೆಯುತ್ತದೆ. ಮಾರುತಿಯ ಯಂತ್ರದಲ್ಲಿ ಆ ದಂಡವು ಮೇಲೆಯೇ ಇದೆ. ಮೂರೇ ಸಿಲಿಂಡರುಗಳಿಂದ, ೬೮.೫ ಮಿಲಿಮೀಟರಿನ ವ್ಯಾಸ ಮತ್ತು ೭೨ ಮಿಲಿಮೀಟರಿನ ಸಂಚಾರದಿಂದ, ಅದು ೭೯೬ ಘನ ಸೆಂಟಿಮೀಟರನ್ನು ಸಾಧಿಸುತ್ತದೆ. ಅಡ್ಡಲಾಗಿ ಕೂತು ಮುಂಚಕ್ರಗಳನ್ನೇ ನಡಸುತ್ತದೆ. ಬಿಡಿಭಾಗಗಳು ಕಡಮೆಯಾದಷ್ಟೂ ಕೆಡುವ ಸ್ಥಾನಗಳು ಕಡಮೆಯಷ್ಟೆ.

ಮೂರನೆಯದು ಫಲದ ಹೇತು. ಒಂದು ಅಳಿಯಿತು, ಒಂದು ಉಳಿಯಿತು. ಲೋಕವೇ ಪರೀಕ್ಷೆ ಮಾಡಿ ತೀರ್ಪು ಕೊಟ್ಟಿರುವಾಗ ಇನ್ನು ವಾದಕ್ಕೆಲ್ಲಿ ಎಡೆ?

೪. ಸಿದ್ಧಾಂತ

ಈ ಪೂರ್ವಪಕ್ಷವು ಪ್ರಬಲವಾಗಿ ಕಂಡರೂ ನಿಲ್ಲತಕ್ಕದ್ದಲ್ಲ. ಮೂರನೆಯ ಹೇತುವಿನಿಂದಲೇ ಆರಂಭಿಸೋಣ. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಕಾರ್ಯಕಾರಣಭಾವವಿದೆಯೆಂದು ಹೇಳಬೇಕಾದರೆ, ಕಾಗೆಯಿಲ್ಲದ ಮರವನ್ನೂ ನೋಡಬೇಕು. ಯಂತ್ರವೇ ದುಷ್ಟವಾಗಿದ್ದರೆ ಅದು ಇದ್ದೆಡೆಯಲ್ಲೆಲ್ಲ ಸೋಲಬೇಕಾಗಿತ್ತು. ಆದರೆ ಅದೇ ೮೪೮ ಘನ ಸೆಂಟಿಮೀಟರಿನ ಯಂತ್ರವನ್ನು ರಿಲಯಂಟಿನವರು ರಾಬಿನ್ ಎಂಬ ಮೂರು ಚಕ್ರದ ಕಾರಿನಲ್ಲಿ ೧೯೭೫ರಿಂದ ಮೊದಲುಮಾಡಿ, ನಡುವೆ ಹೆಸರು ಬದಲಾದರೂ, ೨೦೦೧ರವರೆಗೂ ಬಳಸಿದರು. ಎಂದರೆ ಬೆಂಗಳೂರಿನಲ್ಲಿ ಡಾಲ್ಫಿನ್ ನಿಂತ ಮೇಲೆಯೂ ಅದರ ಯಂತ್ರವು ತನ್ನ ತವರಿನಲ್ಲಿ ಹತ್ತು ವರ್ಷ ಬಾಳಿತು. ನಮ್ಮ ದೇಶದಲ್ಲಿಯೂ ೧೯೮೦ರ ದಶಕದ ಮೋಟಾರು ರ‍್ಯಾಲಿಗಳಲ್ಲಿ ಡಾಲ್ಫಿನ್ನಿಗೆ ಒಳ್ಳೆಯ ಹೆಸರಿತ್ತು. ಯಂತ್ರವನ್ನು ಕಾಲಿಟ್ಟು ತುಳಿದು ಓಡಿಸುವ ಅಂತಹ ಸ್ಥಳದಲ್ಲಿ ಹಗುರವಾದ ಮೈಯೂ ಚುರುಕಾದ ಯಂತ್ರವೂ ಗುಣಗಳಾದುವು. ಹೀಗೆ ಯಂತ್ರವಿದ್ದೂ ಸೋಲಿಲ್ಲದ ಉದಾಹರಣೆಗಳು ದೊರೆಯುವುದರಿಂದ ಹೇತುವು ವ್ಯಭಿಚಾರಿಯಾಗುತ್ತದೆ.

ಎರಡನೆಯ ಹೇತುವಿಗೆ ಉತ್ತರ. ತಳ್ಳುಗಡ್ಡಿಯ ರಚನೆಯು ಹಳೆಯದು, ಸತ್ಯ. ಆದರೆ ಹಳೆಯದೆಂಬುದು ದೋಷವಲ್ಲ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರಿನ ಪೆಟ್ರೋಲ್ ಯಂತ್ರದಲ್ಲಿಯೂ ಪದ್ಮಿನಿಯ ಯಂತ್ರದಲ್ಲಿಯೂ ಇದ್ದದ್ದು ತಳ್ಳುಗಡ್ಡಿಗಳೇ. ಮಾರುತಿಯ ಯಂತ್ರವು ಉತ್ತಮವಾದುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ತಾನೇ ಅದಕ್ಕೆ ಸಾಕ್ಷಿ. ಒಂದರ ಸ್ತುತಿಯು ಮತ್ತೊಂದರ ನಿಂದೆಗೆ ಪ್ರಮಾಣವಾಗುವುದಿಲ್ಲವೆಂಬಷ್ಟೇ ನನ್ನ ಮಾತು.

ಮೊದಲನೆಯ ಹೇತುವಿನಲ್ಲಿ ಮಾತ್ರ ಒಂದು ಸತ್ಯಾಂಶವಿದೆ. ಅದನ್ನು ಬೇರ್ಪಡಿಸಿ ನೋಡಬೇಕು. ಅಲ್ಯೂಮಿನಿಯಮಿನ ಯಂತ್ರವು ನೀರಿನ ವಿಷಯದಲ್ಲಿ ಎಚ್ಚರಿಕೆಯನ್ನು ಬೇಡುವುದು ನಿಜ. ಆದರೆ ಲೈನರಿನ ರಚನೆಯಲ್ಲಿ ಒಂದು ದೊಡ್ಡ ಉಪಕಾರವೂ ಇದೆ. ಬ್ಲಾಕಿನಲ್ಲಿಯೇ ಸಿಲಿಂಡರನ್ನು ಕೊರೆದಿರುವ ಯಂತ್ರವು ಸವೆದಾಗ ಅದನ್ನು ಲೇತಿನ ಅಂಗಡಿಗೆ ಒಯ್ದು ಮತ್ತೆ ಕೊರೆಯಿಸಿ, ದೊಡ್ಡ ಅಳತೆಯ ಪಿಸ್ಟನ್ನು ಹಾಕಬೇಕು. ಇದನ್ನೇ ನಮ್ಮ ಗ್ಯಾರೇಜುಗಳ ಕನ್ನಡದಲ್ಲಿ “ಇಂಜಿನ್ ಬೋರಿಗೆ ಬಂತು” ಎನ್ನುತ್ತಾರೆ. ಲೈನರಿನ ಯಂತ್ರಕ್ಕೆ ಆ ಕಷ್ಟವಿಲ್ಲ. ಹಳೆಯ ಕೊಳವೆಯನ್ನು ತೆಗೆದು ಹೊಸದನ್ನು ಕೂರಿಸಿದರೆ ಯಂತ್ರವು ಮತ್ತೆ ಹೊಸದರಂತೆಯೇ. ಆದರೆ ಇದಕ್ಕೆ ಒಂದು ನಿಬಂಧನೆಯುಂಟು: ಆ ಕೊಳವೆಯೂ ಅದರ ಅಡೆಯೂ ಅಂಗಡಿಯಲ್ಲಿ ದೊರೆಯಬೇಕು, ಎಷ್ಟು ಎತ್ತರಕ್ಕೆ ಕೂರಿಸಬೇಕೆಂಬುದು ಕೂರಿಸುವವನಿಗೆ ತಿಳಿದಿರಬೇಕು. ದೊರೆಯದಿದ್ದರೆ, ತಿಳಿಯದಿದ್ದರೆ, ಯಾವುದು ಯಂತ್ರದ ದೊಡ್ಡ ಗುಣವೋ ಅದೇ ಅದರ ಮರಣಕ್ಕೆ ದ್ವಾರವಾಗುತ್ತದೆ.

ಇಲ್ಲಿಯೇ ಸಿದ್ಧಾಂತದ ಕೀಲು ಇದೆ. ವಿಶ್ವಾಸಾರ್ಹತೆಯೆಂಬುದು ಯಂತ್ರದೊಳಗೆ ಮಾತ್ರ ಇರುವ ಧರ್ಮವಲ್ಲ. ಅದು ಯಂತ್ರ, ಬಿಡಿಭಾಗ, ಕಮ್ಮಾರ, ಉಪದೇಶ ಇವುಗಳ ಸಮುದಾಯದಲ್ಲಿರುವ ಧರ್ಮ. ಒಂದು ಚಿಕ್ಕ ಲೆಕ್ಕದಿಂದ ಇದು ಸ್ಪಷ್ಟವಾದೀತು. ನೂರು ಭಾಗಗಳುಳ್ಳ ಒಂದು ಯಂತ್ರದಲ್ಲಿ, ಒಂದೊಂದು ಭಾಗವೂ ವರ್ಷವೊಂದನ್ನು ಕೆಡದೆ ಕಳೆಯುವ ಸಂಭವವು ನೂರಕ್ಕೆ ೯೯ ಎಂದಿಟ್ಟುಕೊಳ್ಳೋಣ. ಕೇಳುವುದಕ್ಕೆ ಇದು ಸೊಗಸಾಗಿದೆ. ಆದರೆ ಭಾಗಗಳೆಲ್ಲ ಸರಪಣಿಯ ಕೊಂಡಿಗಳಂತೆ ಪರಸ್ಪರಾಶ್ರಿತವಾಗಿದ್ದರೆ, ಇಡೀ ಯಂತ್ರವು ವರ್ಷವೆಲ್ಲ ನಿಲ್ಲದೆ ಓಡುವ ಸಂಭವವು ನೂರಕ್ಕೆ ೩೭ ಮಾತ್ರ. ಒಂದೊಂದು ಭಾಗವನ್ನು ಸಾವಿರಕ್ಕೆ ೯೯೯ರಷ್ಟು ಉತ್ತಮಪಡಿಸಿದರೆ ಸಮುದಾಯವು ನೂರಕ್ಕೆ ೯೦ಕ್ಕೆ ಏರುತ್ತದೆ. ಇಂತಹ ಸೂಕ್ಷ್ಮವಾದ ಉತ್ತಮಿಕೆಯು ಒಂದೇ ಭಾಗವನ್ನು ಲಕ್ಷಾಂತರ ಸಲ ಮಾಡಿ, ಕೆಟ್ಟದ್ದನ್ನು ಕಂಡು, ತಿದ್ದಿ, ಮತ್ತೆ ಮಾಡುವವರಿಗೆ ಮಾತ್ರ ಸಾಧ್ಯ. ಮಾರುತಿಗೆ ಸರ್ಕಾರದ ಆಶ್ರಯವಿತ್ತು, ಜಪಾನಿನ ಸುಜುಕಿ ಸಂಸ್ಥೆಯೊಡನೆ ೧೯೮೨ರಲ್ಲಿ ಆದ ಒಪ್ಪಂದವಿತ್ತು, ಊರೂರಿಗೆ ಅಂಗಡಿಗಳಾದುವು. ವಾಹನ ತಯಾರಿಕೆಗೆ ಸರ್ಕಾರದ ಪರವಾನಗಿ ಬೇಕಾಗಿದ್ದ ಕಾಲವದು. ಕಾರುಗಳಿಗೆ ಆ ಕಟ್ಟು ತೆಗೆದದ್ದು ೧೯೯೩ರಲ್ಲಿ. ಸಣ್ಣ ಸಂಖ್ಯೆಯಲ್ಲಿ ಕಾರುಗಳನ್ನು ಕಟ್ಟುತ್ತಿದ್ದ ಬೆಂಗಳೂರಿನ ಒಂದು ಸಂಸ್ಥೆಯು ಅಂತಹ ಸಮುದಾಯವನ್ನು ಕಟ್ಟುವುದು ದುಸ್ತರವಾಗಿತ್ತು. ಸಿಪಾನಿಯವರು ಡಾಲ್ಫಿನ್ನಿಗೆ ಇನ್ನೆರಡು ಬಾಗಿಲುಗಳನ್ನು ಕೊಟ್ಟು ಮೊಂಟಾನ ಎಂಬ ಹೆಸರಿನಿಂದ ಹೊರತಂದರು; ಆದರೂ ಪ್ರವಾಹವು ತಿರುಗಲಿಲ್ಲ.

ಗ್ಯಾರೇಜಿನ ಹಿರಿಯರು ಇದನ್ನೇ ಒಂದು ಮಾತಿನಲ್ಲಿ ಹೇಳಿದರು. ಪೂರ್ವಪಕ್ಷದ ಮೂರು ಹೇತುಗಳನ್ನೂ ನಾನು ಅವರ ಮುಂದಿಟ್ಟಾಗ ಅವರು ಕೈಯನ್ನು ಬಟ್ಟೆಗೆ ಒರಸಿಕೊಂಡು, “ಇಂಜಿನ್ ಕೆಟ್ಟದ್ದಲ್ಲ ಸ್ವಾಮಿ. ಒಬ್ಬಂಟಿ ಆಗಿಬಿಡ್ತು” ಎಂದರು. ನನ್ನ ನಾಲ್ಕು ಪುಟಗಳ ವಾದವು ಇದಕ್ಕೆ ಭಾಷ್ಯವೇ ಹೊರತು ಬೇರೆಯಲ್ಲ.

ಶಾಸ್ತ್ರಗಳ ಚರಿತ್ರೆಯನ್ನು ಬಲ್ಲವರಿಗೆ ಈ ಮಾತು ಅಪರಿಚಿತವಲ್ಲ. ಪಾಣಿನಿಯ ಸೂತ್ರಗಳು ಲಾಘವದಲ್ಲಿ ಅಸಮಾನವಾದುವು. ಆದರೆ ಅವು ಉಳಿದದ್ದು ಲಾಘವದಿಂದ ಮಾತ್ರವೇ? ಕಾತ್ಯಾಯನನು ವಾರ್ತಿಕವನ್ನು ಬರೆದು ಊನಗಳನ್ನು ತೋರಿಸಿದನು; ಪತಂಜಲಿಯು ಭಾಷ್ಯವನ್ನು ಬರೆದು ಅವುಗಳನ್ನು ಪರಿಹರಿಸಿದನು; ಅಲ್ಲಿಂದ ಮುಂದೆ ತಲೆತಲಾಂತರದ ಅಧ್ಯಾಪಕರು ಅದನ್ನು ಪಾಠ ಹೇಳಿದರು. ಪಾಣಿನಿಯೇ ಹೆಸರಿಸುವ ಆಪಿಶಲಿ ಮೊದಲಾದ ವೈಯಾಕರಣರ ವ್ಯಾಕರಣಗಳು ದುಷ್ಟವಾಗಿದ್ದುವೆಂದು ಹೇಳಲು ನಮಗೆ ಯಾವ ಆಧಾರವಿದೆ? ಪರಂಪರೆಯು ಕಡಿದುಹೋದುದರಿಂದ ಅವು ಅಳಿದುವು. ಡಾಲ್ಫಿನ್ನಿನ ಯಂತ್ರವನ್ನು ನಾನು ಆ ಸಾಲಿನಲ್ಲಿ ಇಡುತ್ತೇನೆ.

೫. ಭೋಜರಾಜನ ಯಂತ್ರಗುಣಗಳು

ಯಂತ್ರವೊಂದನ್ನು ಯಾವ ಗುಣಗಳಿಂದ ಅಳೆಯಬೇಕೆಂಬ ವಿಚಾರವು ನಮ್ಮಲ್ಲಿ ಹಿಂದೆಯೇ ನಡೆದಿತ್ತು. ಹನ್ನೊಂದನೆಯ ಶತಮಾನದ ಭೋಜರಾಜನ ಸಮರಾಂಗಣಸೂತ್ರಧಾರದಲ್ಲಿ ಯಂತ್ರವಿಧಾನವೆಂಬ ಒಂದು ಅಧ್ಯಾಯವಿದೆ. ಈ ಗ್ರಂಥವನ್ನು ಟಿ. ಗಣಪತಿಶಾಸ್ತ್ರಿಗಳು ಸಂಪಾದಿಸಿ, ಬರೋಡೆಯ ಗ್ರಂಥಮಾಲೆಯಲ್ಲಿ ೧೯೨೪–೨೫ರಲ್ಲಿ ಪ್ರಕಟವಾಯಿತು. ವಿ. ರಾಘವನ್ ಅವರು ಪ್ರಾಚೀನಭಾರತದ ಯಂತ್ರಗಳನ್ನು ಕುರಿತು ಬರೆದ ಪ್ರಬಂಧವು ೧೯೫೨ರಲ್ಲಿ ನಮ್ಮ ಬೆಂಗಳೂರಿನ ಬಸವನಗುಡಿಯಿಂದಲೇ ಹೊರಬಂದಿತು.

ಆ ಅಧ್ಯಾಯದಲ್ಲಿ ಒಳ್ಳೆಯ ಯಂತ್ರದ ಗುಣಗಳನ್ನು ಎಣಿಸಿದೆ. ಬೀಜಗಳ, ಎಂದರೆ ಮೂಲಸಾಧನಗಳ, ತಕ್ಕ ಸಂಯೋಗ, ಭಾಗಗಳು ಒಂದಕ್ಕೊಂದು ಚೆನ್ನಾಗಿ ಹೊಂದುವುದು, ನಯ, ನಿರ್ವಹಣ, ಲಘುತ್ವ, ಸದ್ದಿಲ್ಲದಿರುವುದು, ಸಡಿಲವಾಗದಿರುವುದು, ಹಾಗೆಯೇ ಅತಿಯಾಗಿ ಬಿಗಿಯಾಗದಿರುವುದು, ಎಡವದ ಗತಿ, ದಾರ್ಢ್ಯ, ಕೊನೆಯಲ್ಲಿ ಚಿರಕಾಲಸಹತ್ವ. ಈ ಪಟ್ಟಿಯನ್ನು ಹಿಡಿದು ನಮ್ಮ ಯಂತ್ರವನ್ನು ನೋಡಿದರೆ ಬೆರಗಾಗುತ್ತದೆ. ಸಡಿಲವೂ ಆಗದೆ ಬಿಗಿಯೂ ಆಗದೆ ಇರಬೇಕೆಂಬುದು ಪಿಸ್ಟನ್ನಿಗೂ ಲೈನರಿಗೂ ಇರಬೇಕಾದ ಸಂಬಂಧವೇ. ಸಡಿಲವಾದರೆ ಯಂತ್ರವು ಎಣ್ಣೆ ಕುಡಿದು ನೀಲಿ ಹೊಗೆ ಉಗುಳುವುದು. ಬಿಗಿಯಾದರೆ ಕಚ್ಚಿಕೊಂಡು ನಿಲ್ಲುವುದು. ಗ್ಯಾರೇಜಿನಲ್ಲಿ ಇದಕ್ಕೆ “ಸೀಜ್ ಆಯಿತು” ಎನ್ನುತ್ತಾರೆ. ಲಘುತ್ವವನ್ನೂ ಚಿರಕಾಲಸಹತ್ವವನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿರುವುದು ಇನ್ನೂ ಗಮನಾರ್ಹ. ಹಗುರವಾದುದು ಬೇಗ ಸವೆಯುತ್ತದೆ, ಭಾರವಾದುದು ಬಾಳುತ್ತದೆ ಎಂಬುದು ಸಾಮಾನ್ಯರ ಎಣಿಕೆ. ಎರಡನ್ನೂ ಒಟ್ಟಿಗೆ ಸಾಧಿಸುವುದೇ ಶಿಲ್ಪಿಯ ಪರೀಕ್ಷೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಾನು ತಪ್ಪಿತಸ್ಥನಾಗುತ್ತೇನೆ. ಭೋಜನ ಗ್ರಂಥದಲ್ಲಿ ಪೆಟ್ರೋಲ್ ಯಂತ್ರವಿಲ್ಲ. ಅದರ ಸೂಚನೆಯೂ ಇಲ್ಲ. ಅವನು ಹೇಳಿದ್ದು ಗುಣಗಳನ್ನು. ಇದ್ದದ್ದು ದಾರುಯಂತ್ರ, ಜಲಯಂತ್ರ ಮುಂತಾದುವುಗಳು. ಇಂದಿನ ಯಂತ್ರವನ್ನು ಹಳೆಯ ಶ್ಲೋಕದೊಳಗೆ ತುರುಕುವವರು ಎರಡಕ್ಕೂ ಅನ್ಯಾಯ ಮಾಡುತ್ತಾರೆ. ವೈಮಾನಿಕಶಾಸ್ತ್ರವೆಂಬ ಹೆಸರಿನ ಗ್ರಂಥವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ಆರಂಭದ ರಚನೆಯೆಂದೂ ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದೂ ೧೯೭೪ರಲ್ಲಿಯೇ ತೋರಿಸಿದ್ದಾರೆ. ಸಂಸ್ಕೃತವನ್ನು ಬಲ್ಲವರು ಇದನ್ನು ಕೇಳಿ ಮುನಿಯಬಾರದು, ಸಂತೋಷಪಡಬೇಕು. ಹುಸಿ ಕೀರ್ತಿಯನ್ನು ತೆಗೆದುಹಾಕಿದಷ್ಟೂ ನಿಜವಾದ ಕೀರ್ತಿಯು ನಿರ್ಮಲವಾಗುತ್ತದೆ.

ಭೋಜನು ಯಂತ್ರಗಳ ಗುಣವನ್ನು ಹೇಳಿ, ಕೆಲವು ಯಂತ್ರಗಳ ವರ್ಣನೆಯನ್ನೂ ಮಾಡಿ, ಅವುಗಳನ್ನು ಜೋಡಿಸುವ ವಿವರವನ್ನು ಮಾತ್ರ ತಾನು ಹೇಳುವುದಿಲ್ಲವೆನ್ನುತ್ತಾನೆ. ಅದಕ್ಕೆ ಕಾರಣವು ಅಜ್ಞಾನವಲ್ಲ, ಗೋಪನವೆಂದೂ ಸ್ಪಷ್ಟಪಡಿಸುತ್ತಾನೆ. ಯಂತ್ರವನ್ನು ಮಾಡುವವನಿಗೆ ಪರಂಪರೆಯಿಂದ ಬಂದ ಕೌಶಲ, ಗುರೂಪದೇಶ, ಶಾಸ್ತ್ರಾಭ್ಯಾಸ, ಕೆಲಸದಲ್ಲಿ ಉದ್ಯೋಗ, ಬುದ್ಧಿ ಇವು ಬೇಕೆಂದು ಹೇಳಿದವನೂ ಅವನೇ. ಆ ಪರಂಪರೆಯು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಗೋಪನದಿಂದ ಹಾನಿಯಿರಲಿಲ್ಲ. ಅದು ಕಡಿದೊಡನೆ ನಮಗೆ ಉಳಿದದ್ದು ಗುಣಗಳ ಪಟ್ಟಿ ಮಾತ್ರ, ಯಂತ್ರಗಳು ಹೋದುವು.

೬. ಪ್ರಯೋಜನ

ಈ ವಿಚಾರದಿಂದ ಆಗಬೇಕಾದ ಪ್ರಯೋಜನವೇನು? ನಾವು ಭೋಜನ ಕಾಲದ ಶಿಲ್ಪಿಗಳಿಗಾಗಿ ವ್ಯಸನಪಡುತ್ತೇವೆ. ಆದರೆ ನಮ್ಮ ಕಣ್ಣೆದುರಿನಲ್ಲಿ ಅದೇ ನಷ್ಟವು ನಡೆಯುತ್ತಿರುವುದನ್ನು ಗಮನಿಸುವುದಿಲ್ಲ. ಇಲ್ಲಿ ಗೋಪನವೂ ಇಲ್ಲ, ಉದಾಸೀನವಷ್ಟೇ. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ, ನಮ್ಮ ದೇಶದಲ್ಲಿ ಮೋಟಾರು ಕಾರ್ಖಾನೆಯಾಗಬೇಕೆಂದು ಯೋಜನೆಯನ್ನು ಸಿದ್ಧಪಡಿಸಿ ಹೋರಾಡಿದರು. ಬಳಿಕ ಬೆಂಗಳೂರಿನಲ್ಲಿ ೧೯೪೦ರಲ್ಲಿ ವಿಮಾನದ ಕಾರ್ಖಾನೆಯೂ, ೧೯೫೧ರಲ್ಲಿ ಸ್ಪಾರ್ಕ್ ಪ್ಲಗ್ಗು ಮುಂತಾದುವನ್ನು ಮಾಡುವ ಮೈಕೋ ಸಂಸ್ಥೆಯೂ, ನಮ್ಮ ನೆರೆಯ ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಎಚ್.ಎಂ.ಟಿ.ಯೂ ೧೯೫೪ರಲ್ಲಿ ಬಿ.ಇ.ಎಲ್.ಉ ಹುಟ್ಟಿದುವು. ಈ ದೊಡ್ಡ ಸಂಸ್ಥೆಗಳಿಗಾದರೋ ಅಲ್ಪಸ್ವಲ್ಪ ಚರಿತ್ರೆಯುಂಟು. ಸೋತವರಿಗೆ ಯಾರು ಚರಿತ್ರೆಯನ್ನು ಬರೆಯುತ್ತಾರೆ? ವಿಜಯನಗರದ ಅರಸರ ದಾನಶಾಸನಗಳನ್ನು ಅಕ್ಷರ ಬಿಡದೆ ಓದುವ ನಾವು, ಮೂವತ್ತು ನಲವತ್ತು ವರ್ಷಗಳ ಹಿಂದೆ ಇದೇ ಊರಿನ ಕೆಲಸಗಾರರು ಕಟ್ಟಿದ ಒಂದು ಕಾರನ್ನು ಮರೆತಿದ್ದೇವೆ.

ಕನ್ನಡ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆಯಿದು. ವಿದ್ಯಾರಣ್ಯಪುರ, ಜಾಲಹಳ್ಳಿ, ಯಶವಂತಪುರಗಳಲ್ಲಿ ಕಾರ್ಖಾನೆಗಳಿಂದ ನಿವೃತ್ತರಾದ ವೃದ್ಧರು ಮನೆಮನೆಯಲ್ಲಿದ್ದಾರೆ. ಅವರ ಬಾಯಲ್ಲಿ ಒಂದು ಕನ್ನಡವಿದೆ. ಯಂತ್ರವು “ಮಿಸ್ ಹೊಡೆಯುವುದು”, “ಬೋರಿಗೆ ಬರುವುದು”, “ಇಂಜಿನ್ ಇಳಿಸುವುದು” ಇವೆಲ್ಲ ಯಾವ ನಿಘಂಟುಕಾರನೂ ಕಟ್ಟಿಕೊಟ್ಟ ಮಾತುಗಳಲ್ಲ. ಕೆಲಸವೇ ಹೆತ್ತ ಮಾತುಗಳು. ಮೇಲೆ ನಾನು ಆದಾನ, ಸಂಪೀಡನವೆಂದು ಸಂಸ್ಕೃತದಿಂದ ಶಬ್ದಗಳನ್ನು ತಂದೆನಷ್ಟೆ. ಆ ಶಬ್ದಗಳಿಂದ ಒಂದು ಬೋಲ್ಟೂ ಬಿಗಿಯಾಗಲಿಲ್ಲವೆಂಬುದು ನನಗೆ ಗೊತ್ತು. ವಿದ್ಯಾರ್ಥಿಗಳು ಈ ಹಿರಿಯರ ಬಳಿಗೆ ಹೋಗಿ, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದುಕೊಂಡರೆ, ಭಾಷೆಗೂ ಚರಿತ್ರೆಗೂ ಏಕಕಾಲದಲ್ಲಿ ಉಪಕಾರವಾದೀತು.

ಇದು ವ್ಯರ್ಥಪ್ರಯಾಸವೆನ್ನುವವರಿಗೆ ಒಂದು ದೃಷ್ಟಾಂತವನ್ನು ಹೇಳಿ ಮುಗಿಸುತ್ತೇನೆ. ಕಾಶಕೃತ್ಸ್ನನೆಂಬ ಪ್ರಾಚೀನ ವೈಯಾಕರಣನ ಗ್ರಂಥವು ಲೋಪವಾಗಿತ್ತು. ಆದರೆ ಚನ್ನವೀರಕವಿಯೆಂಬವನು ಅವನ ಹೆಸರಿನ ಧಾತುಪಾಠಕ್ಕೆ ಕನ್ನಡದಲ್ಲಿ ಒಂದು ಟೀಕೆಯನ್ನು ಬರೆದಿದ್ದನು. ಆ ಕನ್ನಡ ಟೀಕೆಯೊಡನೆ ಧಾತುಪಾಠವು ನಮ್ಮ ಕಾಲಕ್ಕೆ ಬಂದು ಮುಟ್ಟಿತು. ಯಾರೋ ಒಬ್ಬನು ತನಗೆ ತಿಳಿದುದನ್ನು ತನ್ನ ನುಡಿಯಲ್ಲಿ ಬರೆದಿಟ್ಟುದರಿಂದ ಆದ ಫಲವಿದು.

ನಮ್ಮ ಬೀದಿಯ ತುದಿಯಲ್ಲಿದ್ದ ಆ ಡಾಲ್ಫಿನ್ ಈಗ ಅಲ್ಲಿಲ್ಲ. ಹೇಳಿದ ವಾರದಲ್ಲಿಯೇ ಗುಜರಿಗೆ ಹೋಯಿತು. ಅದಕ್ಕೆ ಮುಂಚೆ ಎರಡು ಸಂಜೆ ನಾನು ಆ ಹಿರಿಯರ ಬಳಿ ಕೂತು, ಅವರು ಒಂದೊಂದಾಗಿ ಬಿಚ್ಚಿ ತೋರಿಸಿದ ಭಾಗಗಳ ಹೆಸರನ್ನೂ, ಕೆಲಸವನ್ನೂ, ಕೆಡುವ ಬಗೆಯನ್ನೂ, ತಿದ್ದುವ ಬಗೆಯನ್ನೂ ಒಂದು ನೋಟು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಲೈನರನ್ನು ಕೂರಿಸುವಾಗ ಬೆರಳ ತುದಿಯಿಂದ ಎತ್ತರವನ್ನು ನೋಡುವ ಕ್ರಮವನ್ನು ಅವರು ಮೂರು ಸಲ ಹೇಳಿದರು. ನಾಲ್ಕನೆಯ ಸಲ ನನ್ನ ಬೆರಳನ್ನೇ ಹಿಡಿದು ಅಲ್ಲಿಟ್ಟರು. ಆ ಪುಸ್ತಕವು ಬೇಕಾದವರಿಗೆ ದೊರೆಯುತ್ತದೆ. ಅದರಲ್ಲಿ ನನ್ನ ಅಜ್ಞಾನದಿಂದ ಬಂದ ತಪ್ಪುಗಳನ್ನು ಬಲ್ಲವರು ತಿದ್ದಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.